‘ಟ್ರಾನ್ಸ್‌ಲೇಟರ್ ಡೈಡ್’ ಅಂದವರು ಯಾರು, ಸತ್ತವರು ಯಾರು? ಗ್ನೂ ಹರ್ಡ್‌ನಲ್ಲಿ ದೋಷ ಹುಡುಕುವ ಬಗೆ

ಗ್ನೂ ಹರ್ಡ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಫೋಲ್ಡರ್ ಒಳಗೆ ಏನಿದೆ ನೋಡೋಣ ಅಂತ ಎಲ್ಎಸ್ ಕಮಾಂಡ್ ಕೊಟ್ಟಿರಿ. ಉತ್ತರವಾಗಿ ‘ಟ್ರಾನ್ಸ್‌ಲೇಟರ್ ಡೈಡ್’ ಎಂದು ಬಂತು. ಈಗ ಏನು ಮಾಡುತ್ತೀರಿ? ಲಿನಕ್ಸ್‌ನಲ್ಲಿ ಪಳಗಿದ ಕೈಯಾದರೆ ಎಲ್ಎಸ್ ಅನ್ನೇ ಅನುಮಾನಿಸುತ್ತೀರಿ, ಇಲ್ಲವೇ ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್ ನೋಡಲು ಓಡುತ್ತೀರಿ. ಹರ್ಡ್‌ನಲ್ಲಿ ಇವೆರಡರಿಂದಲೂ ಹೆಚ್ಚೇನೂ ಸಿಗುವುದಿಲ್ಲ. ಎಲ್ಎಸ್ ಸರಿಯಾಗಿಯೇ ಇದೆ. ಅದು ಇನ್ನೊಬ್ಬರನ್ನು ಏನೋ ಕೇಳಿತು. ಆ ಇನ್ನೊಬ್ಬರು ಉತ್ತರ ಕೊಡುವ ಮೊದಲೇ ಸತ್ತರು. ಎಲ್ಎಸ್ ಆ ಸುದ್ದಿಯನ್ನು ನಿಮಗೆ ತಲುಪಿಸಿದೆ, ಅಷ್ಟೇ.

ಮೈಕ್ರೋಕರ್ನಲ್, ಅಂದರೆ ಕೆಲವೇ ಮೂಲ ಕೆಲಸ ಮಾಡುವ ಪುಟ್ಟ ಕರ್ನಲ್ (ಸಿಸ್ಟಮ್‌ನ ತಿರುಳು), ಇರುವ ಸಿಸ್ಟಮ್‌ನಲ್ಲಿ ದೋಷ ಹುಡುಕುವವರಿಗೆ ಮೊದಲು ಮನಸ್ಸಿನಲ್ಲಿ ನಿಲ್ಲಬೇಕಾದ ಮಾತು ಇದೇ. ಎರರ್ ತೋರಿಸುವುದು ಬದುಕಿ ಉಳಿದ ಪ್ರೋಗ್ರಾಂ. ಸತ್ತದ್ದು ಇನ್ನೆಲ್ಲೋ ಇರುತ್ತದೆ, ಅದರ ಕೊನೆಯ ಮಾತೂ ಇನ್ನೆಲ್ಲೋ ಬಿದ್ದಿರುತ್ತದೆ. ಆದ್ದರಿಂದ ‘ಈ ಎರರ್‌ಗೆ ಏನು ಪರಿಹಾರ’ ಎಂದು ಕೇಳುವ ಮೊದಲು ‘ಇದು ಯಾರ ಜೊತೆ ಮಾತಾಡುತ್ತಿತ್ತು’ ಎಂದು ಕೇಳಿ. ನಾನು ಮೊದಲ ಎರಡು ಮೂರು ತಿಂಗಳು ಈ ಪ್ರಶ್ನೆ ಕೇಳದೆ ಎಷ್ಟೋ ರಾತ್ರಿ ತಪ್ಪು ಪ್ರೋಗ್ರಾಂ ಅನ್ನು ಕೆದಕುತ್ತಾ ಕೂತಿದ್ದೆ.

ಯಾರು ಯಾರ ಜೊತೆ ಮಾತಾಡುತ್ತಾರೆ

ಹರ್ಡ್ ಶುರುವಾದದ್ದು 1990ರಲ್ಲಿ. ಅದರ ಕೆಳಗೆ ಇರುವುದು ಗ್ನೂ ಮಾಕ್. ಅದರ ಬೇರು 1985ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಮಾಕ್ ಕರ್ನಲ್‌ನಲ್ಲಿದೆ. ಈ ಕರ್ನಲ್ ಮಾಡುವ ಕೆಲಸ ಕಡಿಮೆ. ಟಾಸ್ಕ್, ಥ್ರೆಡ್, ಮೆಮೊರಿ ನೋಡಿಕೊಳ್ಳುತ್ತದೆ. ಪೋರ್ಟ್ ಎಂಬ ಅಂಚೆಪೆಟ್ಟಿಗೆಗಳ ಮೂಲಕ ಪ್ರೋಗ್ರಾಂಗಳ ನಡುವೆ ಮೆಸೇಜ್ ಸಾಗಿಸುತ್ತದೆ. ಮಿಕ್ಕಿದ್ದೆಲ್ಲ, ಅಂದರೆ ಫೈಲ್ ಸಿಸ್ಟಮ್, ನೆಟ್‌ವರ್ಕ್, ಪ್ರೊಸೆಸ್‌ಗಳ ಪಟ್ಟಿ, ಯಾರಿಗೆ ಯಾವ ಅನುಮತಿ ಎನ್ನುವ ಲೆಕ್ಕ, ಎಲ್ಲವೂ ಮಾಮೂಲಿ ಪ್ರೋಗ್ರಾಂಗಳೇ. ಇವನ್ನು ಸರ್ವರ್ ಅನ್ನುತ್ತಾರೆ. ಫೈಲ್ ಹೆಸರಿನ ಹಿಂದೆ ಕೂತು ಉತ್ತರ ಕೊಡುವ ಸರ್ವರ್‌ಗೆ ಟ್ರಾನ್ಸ್‌ಲೇಟರ್ ಎಂದು ಹೆಸರು.

ಟ್ರಾನ್ಸ್‌ಲೇಟರ್ ಎರಡು ಬಗೆಯಲ್ಲಿ ಇರುತ್ತದೆ. ಆ್ಯಕ್ಟಿವ್ ಅಂದರೆ ಈಗ ಓಡುತ್ತಿರುವ ಪ್ರೊಸೆಸ್. ಪ್ಯಾಸಿವ್ ಅಂದರೆ ಆ ಫೈಲ್‌ನ ಇನೋಡ್‌ನಲ್ಲಿ (ಡಿಸ್ಕ್‌ನಲ್ಲಿ ಫೈಲ್‌ನ ವಿವರ ಇರುವ ಜಾಗ) ಬರೆದಿಟ್ಟ ಕಮಾಂಡ್. ಯಾರಾದರೂ ಆ ಫೈಲ್ ತೆರೆದಾಗ ಮಾತ್ರ ಆ ಕಮಾಂಡ್ ಓಡುತ್ತದೆ, ಸರ್ವರ್ ಎದ್ದು ಕೂರುತ್ತದೆ. ಈ ವ್ಯತ್ಯಾಸ ಗಟ್ಟಿಯಾಗಿ ನೆನಪಿರಲಿ. ಕೆಳಗೆ ಬರುವ ಅರ್ಧದಷ್ಟು ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ.

ಮೊದಲು ಕನ್ಸೋಲ್ ಹಿಡಿಯಿರಿ

ಹರ್ಡ್ ಅನ್ನು ಹೆಚ್ಚಿನವರು ಕ್ಯೂಎಮುವಿನಂಥ ವರ್ಚುವಲ್ ಮೆಷಿನ್‌ನಲ್ಲಿ ಓಡಿಸಿ, ಎಸ್ಎಸ್ಎಚ್ ಮೂಲಕ ಒಳಗೆ ಹೋಗುತ್ತಾರೆ. ಕೆಲಸ ಮಾಡಲು ಅದು ಸಾಕು, ದೋಷ ಹುಡುಕಲು ಸಾಲದು. ಸರ್ವರ್‌ಗಳು ಸಾಯುವಾಗ ಬರೆಯುವ ಸಾಲುಗಳು ಬೀಳುವುದು ಸಿಸ್ಟಮ್ ಕನ್ಸೋಲ್ ಮೇಲೆ. ನಿಮ್ಮ ಎಸ್ಎಸ್ಎಚ್ ಕಿಟಕಿಯಲ್ಲಿ ಅವು ಕಾಣುವುದಿಲ್ಲ. ಕನ್ಸೋಲ್ ಪರದೆಯಾದರೋ ಒಂದು ಪ್ಯಾನಿಕ್ (ಕರ್ನಲ್ ಕುಸಿತ) ಬಂದರೆ ಸಾಲುಗಳು ಮೇಲೆ ಹೋಗಿ ಕಾಣೆಯಾಗುತ್ತವೆ.

ಆದ್ದರಿಂದ ಬೂಟ್ ಮಾಡಿಸುವ ಗ್ರಬ್‌ನಲ್ಲಿ ಕರ್ನಲ್ ಸಾಲಿಗೆ ಕನ್ಸೋಲ್ ಈಕ್ವಲ್ಸ್ ಕಾಮ್0 ಎನ್ನುವ ಆಪ್ಶನ್ ಸೇರಿಸಿ. ಆ ಸೀರಿಯಲ್ ಪೋರ್ಟ್ ಅನ್ನು ಹೊರಗಿನ ಮೆಷಿನ್‌ನಲ್ಲಿ ಒಂದು ಫೈಲ್‌ಗೆ ತಿರುಗಿಸುವಂತೆ ಕ್ಯೂಎಮುವಿಗೆ ಹೇಳಿ. ಐದು ನಿಮಿಷದ ಕೆಲಸ. ಹರ್ಡ್ ಪೂರ್ತಿ ಬಿದ್ದುಹೋದರೂ ಅದರ ಕೊನೆಯ ಸಾಲು ಹೊರಗಿನ ಫೈಲ್‌ನಲ್ಲಿ ಉಳಿದಿರುತ್ತದೆ. ಜೊತೆಗೆ ಡಿಸ್ಕ್ ಇಮೇಜ್‌ನ ಒಂದು ಪ್ರತಿ ಇಟ್ಟುಕೊಳ್ಳಿ. ಮುಂದೆ ಮಾಡುವ ಕೆಲವು ಪ್ರಯೋಗಗಳಲ್ಲಿ ಫೈಲ್ ಸಿಸ್ಟಮ್ ಸರ್ವರ್ ಅನ್ನೇ ನಡುವೆ ನಿಲ್ಲಿಸುತ್ತೇವೆ, ಹಾಳಾದರೆ ಹೊಣೆ ನಮ್ಮದೇ.

ಮೆಸೇಜ್ ಓದುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹರ್ಡ್‌ನ ಎರರ್‌ಗಳು ವಿಚಿತ್ರವಾಗಿ ಕಾಣುತ್ತವೆ. ಆದರೆ ಅರ್ಥ ಗೊತ್ತಾದ ಮೇಲೆ ಲಿನಕ್ಸ್‌ನಲ್ಲಿ ಸಿಗುವುದಕ್ಕಿಂತ ಜಾಸ್ತಿ ಮಾಹಿತಿಯನ್ನೇ ಕೊಡುತ್ತವೆ.

‘ಟ್ರಾನ್ಸ್‌ಲೇಟರ್ ಡೈಡ್’. ಇದರ ಅರ್ಥ ಬಹಳ ನಿಖರ. ಫೈಲ್ ತೆರೆಯಲು ಹೋದಾಗ ಅದರ ಹಿಂದಿನ ಸರ್ವರ್ ಅನ್ನು ಎಬ್ಬಿಸಲಾಯಿತು. ಅದು ಎದ್ದು ‘ನಾನು ಸಿದ್ಧ’ ಎಂದು ಹೇಳುವ ಮೊದಲೇ ಸತ್ತಿತು. ಅಂದರೆ ಸಾವು ಶುರುವಿನಲ್ಲೇ ಆಗಿದೆ. ಕಾರಣವೂ ಸಾಮಾನ್ಯವಾಗಿ ಶುರುವಿನದ್ದೇ. ಕಮಾಂಡ್‌ಗೆ ಕೊಟ್ಟ ಆಪ್ಶನ್ ತಪ್ಪಿರಬಹುದು, ಡಿಸ್ಕ್ ಹೆಸರು ತಪ್ಪಿರಬಹುದು, ಬೇಕಾದ ಲೈಬ್ರರಿ ಇಲ್ಲದಿರಬಹುದು, ಡಿಸ್ಕ್‌ನ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಅಳತೆ, ವಿವರ ಇರುವ ಭಾಗ) ಒಪ್ಪಿಗೆಯಾಗದಿರಬಹುದು.

‘ಕಂಪ್ಯೂಟರ್ ಬಾಟ್ ದ ಫಾರ್ಮ್’. ಮೊದಲ ಸಲ ನೋಡಿದವರು ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಹೆಸರು ತಮಾಷೆಯದ್ದೇ ನಿಜ, ಇಂಗ್ಲಿಷಿನ ಒಂದು ಮಕ್ಕಳ ಪದ್ಯದ ಪಲ್ಲವಿಯಿಂದ ಈ ಎರರ್‌ಗೆ ಇಐಇಐಓ ಎಂದು ಹೆಸರಿಟ್ಟಿದ್ದಾರೆ. ಆದರೆ ಒಳಗಿರುವ ಅರ್ಥ ಗಟ್ಟಿಯಾದದ್ದು. ಸಿ ಲೈಬ್ರರಿ ಒಂದು ಸರ್ವರ್‌ಗೆ ಮೆಸೇಜ್ ಕಳಿಸಲು ಹೋಗಿದೆ, ಆ ಸರ್ವರ್ ಮಾಯವಾಗಿದೆ. ಅಂದರೆ ಮೊದಲು ಅದು ಚೆನ್ನಾಗಿಯೇ ಓಡುತ್ತಿತ್ತು, ನಿಮ್ಮ ಕೈಯಲ್ಲಿ ಅದರ ಪೋರ್ಟ್ ಇತ್ತು, ನಡುವೆ ಸತ್ತಿತು. ಹಿಂದಿನದು ಶುರುವಿನ ಸಾವಾದರೆ ಇದು ನಡುವಿನ ಸಾವು. ಈ ಎರಡನ್ನು ಬೇರೆ ಬೇರೆ ಮಾಡಿ ನೋಡಿದರೆ ಹುಡುಕಾಟದ ಜಾಗ ಅರ್ಧಕ್ಕೆ ಇಳಿಯುತ್ತದೆ.

ಮೈನಸ್ 308, ಅಥವಾ ‘ಐಪಿಸಿ ಮಿಗ್, ಸರ್ವರ್ ಡೈಡ್’. ಮಿಗ್ ಅಂದರೆ ಮೆಸೇಜ್ ಕಳಿಸುವ ಕೋಡ್ ಬರೆದುಕೊಡುವ ಸಾಧನ. ಇದೂ ನಡುವಿನ ಸಾವೇ. ಮೇಲಿನ ಇಐಇಐಓ ಆಗಿ ಬದಲಾಗುವ ಮುಂಚಿನ ಕಚ್ಚಾ ರೂಪ. 268435459 ಎನ್ನುವ ಸಂಖ್ಯೆ, ಹೆಕ್ಸ್‌ನಲ್ಲಿ 10000003, ಕಂಡರೆ ‘ಇನ್‌ವ್ಯಾಲಿಡ್ ಡೆಸ್ಟಿನೇಶನ್ ಪೋರ್ಟ್’ ಎಂದರ್ಥ. ಮೆಸೇಜ್ ಕಳಿಸುವಾಗಲೇ ಪೋರ್ಟ್ ಸತ್ತಿತ್ತು, ಅಥವಾ ಆ ಹೆಸರಿನ ಪೋರ್ಟ್ ಹಕ್ಕು ನಿಮ್ಮ ಬಳಿ ಇರಲೇ ಇಲ್ಲ. ಎರಡನೆಯದಾದರೆ ಬಗ್ ಕಳಿಸಿದವರ ಕಡೆಯದ್ದು. ಆಗ ಎರರ್ ತೋರಿಸಿದ ಪ್ರೋಗ್ರಾಂ ಅನ್ನೇ ನೋಡಬೇಕು.

ಮೈನಸ್ 303 ಅಂದರೆ ‘ಬ್ಯಾಡ್ ರಿಕ್ವೆಸ್ಟ್ ಮೆಸೇಜ್ ಐಡಿ’. ಇಲ್ಲಿ ಯಾರೂ ಸತ್ತಿಲ್ಲ. ನೀವು ಕೇಳಿದ ಕೆಲಸ ಆ ಸರ್ವರ್‌ಗೆ ಗೊತ್ತೇ ಇಲ್ಲ. ಫೈಲ್ ಸಿಸ್ಟಮ್‌ಗೆ ಕೇಳಬೇಕಾದ್ದನ್ನು ಟರ್ಮಿನಲ್‌ಗೆ ಕೇಳಿದಾಗ, ಇಲ್ಲವೇ ಅರ್ಧ ಅಪ್‌ಗ್ರೇಡ್ ಆಗಿ ಲೈಬ್ರರಿ ಹೊಸದು, ಸರ್ವರ್ ಹಳೆಯದು ಆಗಿ ಉಳಿದಾಗ ಇದು ಬರುತ್ತದೆ. ಅಪ್‌ಗ್ರೇಡ್ ಆದ ಮೇಲೆ ರೀಬೂಟ್ ಮಾಡದೆ ಕೆಲಸ ಮುಂದುವರಿಸಿದವರು ಇದನ್ನು ನೋಡಿಯೇ ಇರುತ್ತಾರೆ.

ಇನ್ನು ಕೆಲವು ಸಲ ಬರೀ ಒಂದು ದೊಡ್ಡ ಸಂಖ್ಯೆ ಬರುತ್ತದೆ, 1073741826 ಥರದ್ದು. ಹೆದರಬೇಡಿ. ಅದರಿಂದ 1073741824 ಕಳೆಯಿರಿ. ಉಳಿದದ್ದು 2, ಅಂದರೆ ‘ಅಂಥ ಫೈಲ್ ಇಲ್ಲ’. 1073741829 ಬಂದರೆ 5, ಇನ್‌ಪುಟ್ ಔಟ್‌ಪುಟ್ ಎರರ್. 1073741837 ಬಂದರೆ 13, ಅನುಮತಿ ಇಲ್ಲ. 1073741925 ಬಂದರೆ 101, ನಮ್ಮ ಟ್ರಾನ್ಸ್‌ಲೇಟರ್ ಡೈಡ್. ಮಾಕ್‌ನಲ್ಲಿ ಎರರ್ ಸಂಖ್ಯೆಯ ಮೇಲಿನ 6 ಬಿಟ್‌ಗಳು ಇದು ಯಾವ ವ್ಯವಸ್ಥೆಯಿಂದ ಬಂತು ಎನ್ನುವುದನ್ನು ಹೇಳುತ್ತವೆ, ನಡುವಿನ 12 ಬಿಟ್ ಉಪವಿಭಾಗ, ಕೆಳಗಿನ 14 ಬಿಟ್ ಅಸಲಿ ಕೋಡ್. ಹರ್ಡ್‌ನ ಎರರ್‌ಗಳು ಇಷ್ಟು ದೊಡ್ಡದಾಗಿ ಕಾಣಲು ಅದೇ ಕಾರಣ.

ಇಲ್ಲೊಂದು ಎಚ್ಚರಿಕೆ. ಕಳೆದು ಉಳಿದ ಸಂಖ್ಯೆಯನ್ನು ಲಿನಕ್ಸ್‌ನ ಪಟ್ಟಿಯಲ್ಲಿ ಹುಡುಕಬೇಡಿ. ಸಣ್ಣ ಸಂಖ್ಯೆಗಳು ಹೊಂದುತ್ತವೆ, ಆಮೇಲೆ ದಾರಿ ಬೇರೆಯಾಗುತ್ತದೆ. 11 ಎಂದರೆ ಲಿನಕ್ಸ್‌ನಲ್ಲಿ ‘ಮತ್ತೆ ಪ್ರಯತ್ನಿಸಿ’, ಹರ್ಡ್‌ನಲ್ಲಿ ‘ಡೆಡ್‌ಲಾಕ್ ತಪ್ಪಿಸಲಾಯಿತು’. ಕನೆಕ್ಷನ್ ನಿರಾಕರಣೆ ಲಿನಕ್ಸ್‌ನಲ್ಲಿ 111, ಇಲ್ಲಿ 61. ಲಿನಕ್ಸ್‌ಗೆಂದೇ ಬರೆದ ಕೆಲವು ಪ್ರೋಗ್ರಾಂಗಳು ಎರರ್ ಸಂಖ್ಯೆ ಚಿಕ್ಕದಾಗಿಯೇ ಇರುತ್ತದೆ ಎಂದು ನಂಬಿ ಅದನ್ನು ಅರೇ ಇಂಡೆಕ್ಸ್ ಆಗಿ ಬಳಸಿರುತ್ತವೆ. ಅವು ಹರ್ಡ್‌ನಲ್ಲಿ ಎರರ್ ಬಂದ ಕೂಡಲೇ ಸೆಗ್‌ಫಾಲ್ಟ್ ಆಗುತ್ತವೆ, ಅಂದರೆ ತಮ್ಮದಲ್ಲದ ಮೆಮೊರಿ ಮುಟ್ಟಿ ಬೀಳುತ್ತವೆ. ನೋಡಿದರೆ ಸಿಸ್ಟಮ್ ಅಸ್ಥಿರವಾಗಿದೆ ಅನಿಸುತ್ತದೆ, ಆದರೆ ತಪ್ಪು ಆ ಪ್ರೋಗ್ರಾಂನದ್ದು.

ಶುರುವಿನ ಸಾವು: ಒಂದು ಉದಾಹರಣೆ

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಹೊರಗಿನ ಮೆಷಿನ್‌ನಿಂದ ಎಕ್ಸ್ಟ್2 ಫೈಲ್ ಸಿಸ್ಟಮ್ ಇರುವ ಒಂದು ಡಿಸ್ಕ್ ಇಮೇಜ್ ಅನ್ನು ಹರ್ಡ್ ಒಳಗೆ ತಂದಿದ್ದೆ. ಎಂಎನ್‌ಟಿ ಫೋಲ್ಡರ್ ಒಳಗೆ ‘ಹಳೆಯದು’ ಎಂಬ ಹೆಸರಿನಲ್ಲಿ ಅದಕ್ಕೆ ಪ್ಯಾಸಿವ್ ಟ್ರಾನ್ಸ್‌ಲೇಟರ್ ಇಟ್ಟೆ. ಟ್ರಾನ್ಸ್‌ಲೇಟರ್ ಇಡುವ ಸೆಟ್‌ಟ್ರಾನ್ಸ್ ಕಮಾಂಡ್ ಯಾವ ದೂರೂ ಇಲ್ಲದೆ ಮುಗಿಯಿತು. ಎಲ್ಎಸ್ ಕೊಟ್ಟೆ. ಟ್ರಾನ್ಸ್‌ಲೇಟರ್ ಡೈಡ್.

ಸೆಟ್‌ಟ್ರಾನ್ಸ್ ದೂರು ಹೇಳದೆ ಇದ್ದದ್ದೇ ನನ್ನನ್ನು ದಾರಿ ತಪ್ಪಿಸಿತು. ಪ್ಯಾಸಿವ್ ಆಗಿ ಇಡುವುದೆಂದರೆ ಇನೋಡ್‌ನಲ್ಲಿ ಒಂದು ಸಾಲು ಬರೆಯುವುದು ಮಾತ್ರ. ಆ ಸಾಲು ಸರಿಯೋ ತಪ್ಪೋ ಎಂದು ಆಗ ಯಾರೂ ನೋಡುವುದಿಲ್ಲ. ಎಲ್ಎಸ್ ಕೊಟ್ಟಾಗಲೇ ಮೊದಲ ಸಲ ಆ ಸರ್ವರ್ ಓಡಿದ್ದು.

ಹಾಗಾದರೆ ಆ ಸರ್ವರ್ ಸಾಯುವಾಗ ಏನಾದರೂ ಹೇಳಿತ್ತಾ? ಹೇಳಿತ್ತು. ಆದರೆ ಅದನ್ನು ಎಬ್ಬಿಸಿದ್ದು ನಾನಲ್ಲ, ರೂಟ್ ಫೈಲ್ ಸಿಸ್ಟಮ್‌ನ ಸರ್ವರ್. ಎಬ್ಬಿಸಿದವರ ಎರರ್ ಔಟ್‌ಪುಟ್ ಎಲ್ಲಿಗೆ ಹೋಗುತ್ತದೋ ಹೊಸ ಸರ್ವರ್‌ನದ್ದೂ ಅಲ್ಲಿಗೇ. ಅಂದರೆ ಸಿಸ್ಟಮ್ ಕನ್ಸೋಲ್‌ಗೆ. ನಾನು ಎಸ್ಎಸ್ಎಚ್‌ನಲ್ಲಿ ಕೂತು ಎಲ್ಎಸ್ ಮೇಲೆ ಎಲ್ಎಸ್ ಕೊಡುತ್ತಿದ್ದೆ, ಅತ್ತ ಕನ್ಸೋಲ್‌ನಲ್ಲಿ ಅದೇ ಕಾರಣ ಸಾಲು ಸಾಲಾಗಿ ಬೀಳುತ್ತಿತ್ತು.

ಇಂಥ ಕಡೆ ನಾನು ಈಗ ತಪ್ಪದೆ ಮಾಡುವ ಕೆಲಸ ಹೀಗಿದೆ. ಮೊದಲು ಶೋಟ್ರಾನ್ಸ್ ಕೊಟ್ಟು ಪ್ಯಾಸಿವ್ ಸಾಲು ಏನಿದೆ ನೋಡಿ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಅದೇ ಸಾಲನ್ನು ಸೆಟ್‌ಟ್ರಾನ್ಸ್‌ಗೆ ಎ ಆಪ್ಶನ್ ಸೇರಿಸಿ, ಅಂದರೆ ಆ್ಯಕ್ಟಿವ್ ಆಗಿ, ನನ್ನ ಶೆಲ್‌ನಿಂದಲೇ ಓಡಿಸುತ್ತೇನೆ. ಈಗ ಎಬ್ಬಿಸುವುದು ನಾನು. ಸರ್ವರ್‌ನ ಕೊನೆಯ ಮಾತು ನನ್ನ ಕಣ್ಣೆದುರೇ ಬೀಳುತ್ತದೆ. ಆ ದಿನ ಬಿದ್ದ ಸಾಲಿನ ಸಾರ ಇಷ್ಟು: ಡಿಸ್ಕ್‌ನ ಅಳತೆ ಸಾಲದು, ಸೂಪರ್‌ಬ್ಲಾಕ್ ಇದಕ್ಕಿಂತ ಜಾಸ್ತಿ ಕೇಳುತ್ತಿದೆ. 512 ಎಂಬಿ ಇರಬೇಕಾದ ಇಮೇಜ್ ನಕಲು ಆಗುವಾಗ 391 ಎಂಬಿಗೇ ನಿಂತುಹೋಗಿತ್ತು. ಮತ್ತೆ ನಕಲು ಮಾಡಿದೆ, ತೆರೆಯಿತು.

ಸೆಟ್‌ಟ್ರಾನ್ಸ್ ಬಳಸುವಾಗ ಒಂದು ಹುಷಾರು. ಎ ಅಥವಾ ಪಿ ಯಾವುದನ್ನೂ ಕೊಡದಿದ್ದರೆ ಅದು ಪ್ಯಾಸಿವ್ ಸಾಲನ್ನೇ ಮುಟ್ಟುತ್ತದೆ. ಓಡುತ್ತಿರುವ ಸರ್ವರ್ ಅನ್ನು ಕಳಿಸೋಣ ಅಂತ ಬರೀ ಎಫ್, ಜಿ ಆಪ್ಶನ್ ಕೊಟ್ಟು ಕಮಾಂಡ್ ಬರೆಯದೆ ಬಿಟ್ಟರೆ ಬರೆದಿಟ್ಟ ಸಾಲೂ ಅಳಿಸಿಹೋಗುತ್ತದೆ. ಮೊದಲು ಶೋಟ್ರಾನ್ಸ್ ಅಂದದ್ದು ಇದಕ್ಕೇ.

ನಡುವಿನ ಸಾವು

ಇದು ಸ್ವಲ್ಪ ಕಷ್ಟ. ಸರ್ವರ್ ಗಂಟೆಗಟ್ಟಲೆ ಓಡಿದೆ, ಯಾವುದೋ ಒಂದು ಕೋರಿಕೆಗೆ ಬಿದ್ದಿದೆ. ಪ್ಯಾಸಿವ್ ಸಾಲು ಇದ್ದರೆ ಮುಂದಿನ ಸಲ ಫೈಲ್ ತೆರೆದಾಗ ಹೊಸದೊಂದು ಎದ್ದಿರುತ್ತದೆ. ಆದ್ದರಿಂದ ನೀವು ನೋಡಲು ಹೋಗುವ ಹೊತ್ತಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ! ಆದರೆ ಹಳೆಯ ಪ್ರೋಗ್ರಾಂಗಳ ಕೈಯಲ್ಲಿರುವುದು ಹಳೆಯ ಸರ್ವರ್‌ನ ಪೋರ್ಟ್. ಅದು ಸತ್ತ ಪೋರ್ಟ್, ಹೊಸ ಸರ್ವರ್‌ಗೆ ಇವರ ಪರಿಚಯವೇ ಇಲ್ಲ. ಹೀಗಾಗಿ ಒಂದು ಕಿಟಕಿಯಲ್ಲಿ ಫೈಲ್ ತೆರೆಯುತ್ತದೆ, ಪಕ್ಕದ ಕಿಟಕಿಯಲ್ಲಿ ಅದೇ ಫೈಲ್‌ಗೆ ಕಂಪ್ಯೂಟರ್ ಬಾಟ್ ದ ಫಾರ್ಮ್ ಬರುತ್ತದೆ. ಆ ಪಕ್ಕದ ಕಿಟಕಿಯ ಶೆಲ್ ಅದೇ ಫೋಲ್ಡರ್ ಒಳಗೆ ನಿಂತಿದ್ದರೆ ಹೊರಗೆ ಬಂದು ಮತ್ತೆ ಒಳಗೆ ಹೋಗಿ. ಆಗ ಹೊಸ ಪೋರ್ಟ್ ಸಿಗುತ್ತದೆ. ಈ ಲಕ್ಷಣ ಕಂಡರೆ ನಡುವೆ ಒಂದು ಸಾವು ಆಗಿದೆ ಎನ್ನುವುದು ಖಚಿತ. ಪಿಎಸ್ ಕಮಾಂಡ್‌ನಲ್ಲಿ ಆ ಸರ್ವರ್‌ನ ಪಿಐಡಿ (ಪ್ರೊಸೆಸ್ ಸಂಖ್ಯೆ) ಮತ್ತು ಶುರುವಾದ ಹೊತ್ತು ನೋಡಿದರೆ ಸಾಕ್ಷಿಯೂ ಸಿಗುತ್ತದೆ.

ನೆಟ್‌ವರ್ಕ್ ಸರ್ವರ್ ಪಿಎಫ್‌ಇನೆಟ್ ಸತ್ತರೂ ಹೀಗೆಯೇ. ಸರ್ವರ್ಸ್ ಫೋಲ್ಡರ್ ಒಳಗಿನ ಸಾಕೆಟ್ 2 ಎನ್ನುವುದು ಅದರ ಜಾಗ, ಐಪಿವಿ6ಗೆ 26. ಅದು ಮತ್ತೆ ಎದ್ದರೂ ಹಿಂದಿನ ಟಿಸಿಪಿ ಸಂಪರ್ಕಗಳ ಲೆಕ್ಕವೆಲ್ಲ ಹೋಯಿತು. ಎಸ್ಎಸ್ಎಚ್‌ನಲ್ಲಿ ಕೂತು ಪಿಎಫ್‌ಇನೆಟ್ ಅನ್ನು ಪರೀಕ್ಷಿಸಬೇಡಿ, ಕೂತ ಕೊಂಬೆಯನ್ನೇ ಕಡಿದಂತಾಗುತ್ತದೆ.

ಮಿನಿಕ್ಸ್ 3 ಬಳಸಿದವರು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ. ಅಲ್ಲಿ ರೀಇನ್‌ಕಾರ್ನೇಶನ್ ಸರ್ವರ್ ಎಂಬುದೊಂದು ಇದೆ, ಡ್ರೈವರ್‌ಗಳನ್ನು ಕಾಯುತ್ತಾ ಕೂತು ಸತ್ತದ್ದನ್ನು ತಾನೇ ಎಬ್ಬಿಸುತ್ತದೆ. ಹರ್ಡ್‌ನಲ್ಲಿ ಹಾಗೆ ಕಾಯುವವರಿಲ್ಲ. ಯಾರಾದರೂ ಬಾಗಿಲು ತಟ್ಟಿದಾಗ ಮಾತ್ರ ಪ್ಯಾಸಿವ್ ಸಾಲು ಕೆಲಸಕ್ಕೆ ಬರುತ್ತದೆ.

ಸಾವಿನ ಕಾರಣ ಬೇಕಾದರೆ ಸಾಯಲು ಬಿಡಬಾರದು. ಇದಕ್ಕೆ ಹರ್ಡ್ ಒಂದು ಒಳ್ಳೆಯ ಸಾಧನ ಕೊಟ್ಟಿದೆ. ಯಾವುದೇ ಪ್ರೋಗ್ರಾಂ ಸೆಗ್‌ಫಾಲ್ಟ್ ಅಥವಾ ಅಬಾರ್ಟ್ ಆದಾಗ ಅದನ್ನು ಏನು ಮಾಡಬೇಕು ಎಂದು ಕ್ರ್ಯಾಶ್ ಸರ್ವರ್ ನಿರ್ಧರಿಸುತ್ತದೆ. ಸರ್ವರ್ಸ್ ಫೋಲ್ಡರ್‌ನಲ್ಲಿ ಇದರ ಮೂರು ರೂಪ ಇವೆ: ಕ್ರ್ಯಾಶ್-ಕಿಲ್ ಕೊಂದುಬಿಡುತ್ತದೆ, ಕ್ರ್ಯಾಶ್-ಡಂಪ್-ಕೋರ್ ಕೋರ್ ಫೈಲ್ ಬರೆಯುತ್ತದೆ, ಕ್ರ್ಯಾಶ್-ಸಸ್ಪೆಂಡ್ ಬಿದ್ದ ಸ್ಥಿತಿಯಲ್ಲೇ ತಡೆದು ನಿಲ್ಲಿಸುತ್ತದೆ. ನಮಗೆ ಬೇಕಾದ್ದು ಮೂರನೆಯದು. ನಿಮ್ಮ ಶೆಲ್‌ನಿಂದ ಓಡಿಸುವ ಪ್ರೋಗ್ರಾಂ ಆದರೆ ಕ್ರ್ಯಾಶ್‌ಸರ್ವರ್ ಎನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಸಾಕು. ಪ್ಯಾಸಿವ್ ಆಗಿ ಏಳುವ ಸರ್ವರ್‌ಗೆ ಅದು ತಲುಪುವುದಿಲ್ಲ, ಏಕೆಂದರೆ ಎಬ್ಬಿಸುವುದು ನಿಮ್ಮ ಶೆಲ್ ಅಲ್ಲವಲ್ಲ. ಅದಕ್ಕೆ ಸರ್ವರ್ಸ್ ಫೋಲ್ಡರ್‌ನ ಕ್ರ್ಯಾಶ್ ಎಂಬ ಸಿಮ್‌ಲಿಂಕ್ (ಬೇರೆ ಫೈಲ್‌ನತ್ತ ತೋರಿಸುವ ಕೊಂಡಿ) ಅನ್ನೇ ಕ್ರ್ಯಾಶ್-ಸಸ್ಪೆಂಡ್ ಕಡೆಗೆ ತಿರುಗಿಸಬೇಕು.

ಹೀಗೆ ಮಾಡಿದ ಮೇಲೆ ಲಕ್ಷಣ ಬದಲಾಗುತ್ತದೆ. ಎರರ್ ಬರುವುದಿಲ್ಲ, ಬದಲಿಗೆ ಎಲ್ಎಸ್ ಸುಮ್ನೆ ನಿಂತುಬಿಡುತ್ತದೆ. ಸರ್ವರ್ ಸತ್ತಿಲ್ಲ, ಉತ್ತರವನ್ನೂ ಕೊಡುತ್ತಿಲ್ಲ. ಕಂಟ್ರೋಲ್-ಸಿ ಒತ್ತಿದರೂ ತಕ್ಷಣ ಬಿಡುಗಡೆ ಸಿಗದು. ಗಾಬರಿ ಬೇಡ, ಇದೇ ನಮಗೆ ಬೇಕಾದ ಸ್ಥಿತಿ. ಇನ್ನೊಂದು ಕಿಟಕಿಯಿಂದ ಜಿಡಿಬಿ ಎಂಬ ಡಿಬಗ್ಗರ್‌ನಲ್ಲಿ ಆ ಪಿಐಡಿಗೆ ಅಟ್ಯಾಚ್ ಆಗಿ, ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎನ್ನುವ ಪಟ್ಟಿ) ತೆಗೆಯಿರಿ. ಫಂಕ್ಷನ್‌ಗಳ ಹೆಸರು ತೋರಿಸುವ ಡಿಬಗ್ ಸಿಂಬಲ್ ಪ್ಯಾಕೇಜ್ ಮೊದಲೇ ಹಾಕಿಕೊಂಡಿರಬೇಕು.

ಒಂದು ಫೈಲ್ ಸಿಸ್ಟಮ್ ಸರ್ವರ್‌ನಲ್ಲಿ ಹತ್ತಾರು ಥ್ರೆಡ್ ಕಾಣಬಹುದು. ಹೆಚ್ಚಿನವು ಮಾಕ್ ಎಂಎಸ್‌ಜಿ ಟ್ರ್ಯಾಪ್ ಎನ್ನುವಲ್ಲಿ ನಿಂತಿರುತ್ತವೆ. ಅವು ಮುಂದಿನ ಕೋರಿಕೆಗೆ ಕಾಯುತ್ತಿವೆ, ಬಿಟ್ಟುಬಿಡಿ. ಒಂದು ಥ್ರೆಡ್ ಸಿಗ್ನಲ್‌ಗಳಿಗೆಂದೇ ಇರುತ್ತದೆ, ಹರ್ಡ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ಅದು ಉಂಟು. ಅಬಾರ್ಟ್ ಅಥವಾ ಅಸರ್ಟ್ ಹೆಸರು ಕಾಣುವ ಥ್ರೆಡ್ ಒಂದೇ ಇರುತ್ತದೆ, ಅದೇ ಬಿದ್ದದ್ದು. ಅದರ ಬ್ಯಾಕ್‌ಟ್ರೇಸ್‌ನಲ್ಲಿ ಯಾವ ಕೋರಿಕೆ ಬಂದಿತ್ತು ಎಂದೂ ಕಾಣುತ್ತದೆ. ಬರೆಯಲು ಕೇಳಿದ್ದರೆ ಹೆಸರಿನಲ್ಲಿ ಐಓ ರೈಟ್ ಇರುತ್ತದೆ, ಹೆಸರು ಹುಡುಕಲು ಕೇಳಿದ್ದರೆ ಡಿರ್ ಲುಕಪ್. ಎಷ್ಟೋ ಸಲ ಆ ಒಂದು ಹೆಸರೇ ದೋಷವನ್ನು ಮತ್ತೆ ಬರಿಸಲು ಬೇಕಾದ ಸುಳಿವು.

ಬೂಟ್ ಆಗದೆ ನಿಂತರೆ

ಬೂಟ್ ಆಗುವಾಗ ಕನ್ಸೋಲ್‌ನಲ್ಲಿ ‘ಹರ್ಡ್ ಸರ್ವರ್ ಬೂಟ್‌ಸ್ಟ್ರ್ಯಾಪ್’ ಎಂದು ಶುರುವಾಗುವ ಸಾಲು ಬರುತ್ತದೆ. ಅದರಲ್ಲಿ ಒಂದೊಂದೇ ಹೆಸರು ಸೇರುತ್ತಾ ಹೋಗುತ್ತದೆ: ಎಸಿಪಿಐ, ಪಿಸಿಐ-ಆರ್ಬಿಟರ್, ರಂಪ್‌ಡಿಸ್ಕ್, ಎಕ್ಸ್ಟ್2ಎಫ್ಎಸ್, ಎಕ್ಸೆಕ್, ಸ್ಟಾರ್ಟಪ್, ಪ್ರಾಕ್, ಆತ್. ನಿಂತ ಜಾಗವೇ ರೋಗದ ಜಾಗ. ಕೊನೆಗೆ ಕಂಡ ಹೆಸರು ಯಾವುದು ಎಂದು ಬರೆದುಕೊಳ್ಳಿ. ಅದಾದರೂ ಸಿಕ್ಕಿಬಿದ್ದಿದೆ, ಇಲ್ಲವೇ ಅದು ಎಬ್ಬಿಸಬೇಕಾದ ಮುಂದಿನದು ಏಳುತ್ತಿಲ್ಲ.

ಬಹಳ ಸಲ ಕಾಣುವುದು ಡಿಸ್ಕ್ ಡ್ರೈವರ್ ಓಡಿಸುವ ರಂಪ್‌ಡಿಸ್ಕ್ ಮತ್ತು ಫೈಲ್ ಸಿಸ್ಟಮ್ ಸರ್ವರ್ ಆದ ಎಕ್ಸ್ಟ್2ಎಫ್ಎಸ್ ನಡುವಿನ ಜಗಳ, ಅದೂ ಹೆಸರಿನ ಜಗಳ. ಹಿಂದೆ ಡಿಸ್ಕ್ ಡ್ರೈವರ್ ಗ್ನೂ ಮಾಕ್ ಒಳಗೇ ಇತ್ತು, ಡಿಸ್ಕ್‌ನ ಹೆಸರು ಎಚ್‌ಡಿ0. ಈಗ ಡ್ರೈವರ್ ಹೊರಗೆ ಬಂದಿದೆ. ನೆಟ್‌ಬಿಎಸ್‌ಡಿಯ ರಂಪ್ ಡ್ರೈವರ್‌ಗಳು ರಂಪ್‌ಡಿಸ್ಕ್ ಸರ್ವರ್ ಒಳಗೆ ಓಡುತ್ತವೆ. ಹೆಸರೂ ನೆಟ್‌ಬಿಎಸ್‌ಡಿಯದ್ದೇ, ಡಬ್ಲ್ಯೂಡಿ0. ಗ್ರಬ್‌ನಲ್ಲಿ ರೂಟ್ ಎಂದು ಹಳೆಯ ಹೆಸರು ಉಳಿದಿದ್ದರೆ ಎಕ್ಸ್ಟ್2ಎಫ್ಎಸ್ ‘ಅಂಥ ಡಿವೈಸ್ ಇಲ್ಲ’ ಎಂದು ನಿಲ್ಲುತ್ತದೆ. ಡಿಸ್ಕ್ ಹಾಳಾಯಿತು ಅಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡಿದವರಿದ್ದಾರೆ. ದಯವಿಟ್ಟು ಬೇಡ. ಗ್ರಬ್‌ನಲ್ಲಿ ಒಂದು ಪದ, ಡಿಸ್ಕ್‌ಗಳ ಪಟ್ಟಿ ಇರುವ ಎಫ್ಎಸ್‌ಟ್ಯಾಬ್‌ ಫೈಲ್‌ನಲ್ಲಿ ಒಂದು ಪದ ಬದಲಿಸಿದರೆ ಮುಗಿಯಿತು. 32 ಬಿಟ್ ಕರ್ನಲ್ ಆದರೆ ‘ನೋಐಡಿಇ’ ಎನ್ನುವ ಆಪ್ಶನ್ ಕೊಟ್ಟಿದ್ದೀರಾ ನೋಡಿ. ಕೊಡದಿದ್ದರೆ ಕರ್ನಲ್‌ನ ಹಳೆಯ ಡ್ರೈವರ್ ಡಿಸ್ಕ್ ಅನ್ನು ತಾನೇ ಹಿಡಿದುಕೊಳ್ಳುತ್ತದೆ, ರಂಪ್‌ಡಿಸ್ಕ್‌ಗೆ ಏನೂ ಉಳಿಯುವುದಿಲ್ಲ. 64 ಬಿಟ್‌ನಲ್ಲಿ ಆ ಹಳೆಯ ಡ್ರೈವರ್ ಇಲ್ಲವೇ ಇಲ್ಲ, ಆದ್ದರಿಂದ ಈ ತಾಪತ್ರಯವೂ ಇಲ್ಲ.

ಬೂಟ್ ಆಗಿಯೂ ಫೈಲ್ ಬರೆಯಲು ಆಗುತ್ತಿಲ್ಲ ಅಂದರೆ ಕನ್ಸೋಲ್‌ನಲ್ಲಿ ‘ಮೌಂಟೆಡ್ ರೀಡ್-ಓನ್ಲಿ’ ಎಂಬ ಸಾಲು ಹುಡುಕಿ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದರ್ಥ. ಅದೇ ಸಾಲು ಎಫ್ಎಸ್‌ವೈಎಸ್‌ಆಪ್ಟ್ಸ್ ಎಂಬ ಕಮಾಂಡ್‌ನಿಂದ ರೈಟಬಲ್ ಮಾಡಿ ಎಂದೂ ಹೇಳುತ್ತದೆ. ಆತುರಪಟ್ಟು ಅದನ್ನು ಕೊಡಬೇಡಿ. ಮೊದಲು ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಎಫ್ಎಸ್‌ಸಿಕೆ ಮುಗಿಯಲಿ, ಆಮೇಲೆ ರೈಟಬಲ್.

ಇನ್ನೊಂದು ಸಾಲು ಕಂಡರೆ ಅದೃಷ್ಟ ಅನ್ನಬೇಕು: ‘ಕ್ರ್ಯಾಶಿಂಗ್ ಸಿಸ್ಟಮ್, ಎಸೆನ್ಶಿಯಲ್ ಟಾಸ್ಕ್’ ಎಂದು ಶುರುವಾಗಿ ಒಂದು ಹೆಸರು, ಕೊನೆಗೆ ‘ಡೈಡ್’. ಪ್ರಾಕ್, ಆತ್, ಎಕ್ಸೆಕ್, ರೂಟ್ ಫೈಲ್ ಸಿಸ್ಟಮ್ ಥರದ ಸರ್ವರ್‌ಗಳು ತಾವಿಲ್ಲದೆ ಸಿಸ್ಟಮ್ ನಡೆಯದು ಎಂದು ಸ್ಟಾರ್ಟಪ್ ಬಳಿ ಹೆಸರು ಬರೆಸಿರುತ್ತವೆ. ಅವುಗಳಲ್ಲಿ ಒಂದು ಸತ್ತರೆ ಸ್ಟಾರ್ಟಪ್ ಇಡೀ ಸಿಸ್ಟಮ್ ಅನ್ನು ಇಳಿಸುತ್ತದೆ. ಸತ್ತದ್ದು ಯಾರು ಎಂದು ಸಿಸ್ಟಮ್ ತಾನಾಗಿಯೇ ಹೆಸರು ಹಿಡಿದು ಹೇಳುವ ಕಡೆ ಇದು. ಸೀರಿಯಲ್ ಲಾಗ್ ಇಲ್ಲದವರಿಗೆ ಇದು ರೀಬೂಟ್ ಆಯಿತು ಎಂದಷ್ಟೇ ಕಾಣುತ್ತದೆ.

ಏನೂ ಹೇಳದೆ ನಿಂತರೆ

ಎರರ್ ಇಲ್ಲ, ಪ್ಯಾನಿಕ್ ಇಲ್ಲ, ಎಲ್ಲ ನಿಂತಿದೆ. ಎಲ್ಲಕ್ಕಿಂತ ಬೇಸರದ ದೋಷ ಇದು.

ಒಂದೇ ಪ್ರೋಗ್ರಾಂ ನಿಂತಿದ್ದರೆ ಆರ್‌ಪಿಸಿಟ್ರೇಸ್ ಅಡಿಯಲ್ಲಿ ಮತ್ತೆ ಓಡಿಸಿ. ಲಿನಕ್ಸ್‌ನ ಎಸ್‌ಟ್ರೇಸ್ ಸಿಸ್ಟಮ್ ಕಾಲ್ ತೋರಿಸುವಂತೆ ಇದು ಆ ಪ್ರೋಗ್ರಾಂ ಕಳಿಸಿದ ಪ್ರತಿ ಮೆಸೇಜ್ ತೋರಿಸುತ್ತದೆ. ಪ್ರತಿ ಸಾಲಿನಲ್ಲಿ ಪೋರ್ಟ್, ಕೋರಿಕೆಯ ಹೆಸರು, ಸಮ ಚಿಹ್ನೆ, ಅದರಾಚೆ ಉತ್ತರ. ಕೊನೆಯ ಸಾಲನ್ನು ನೋಡಿ. ಸಮ ಚಿಹ್ನೆಯಾಚೆ ಏನೂ ಇಲ್ಲದೆ ತೂಗಾಡುತ್ತಿದ್ದರೆ ಆ ಕೋರಿಕೆ ಹೋಗಿದೆ, ಉತ್ತರ ಬಂದಿಲ್ಲ. ಅದು ಹೋದದ್ದು ಯಾರಿಗೆ ಎನ್ನುವುದು ಮೇಲಿನ ಸಾಲುಗಳಲ್ಲಿ ಸಿಗುತ್ತದೆ, ಆ ಪೋರ್ಟ್ ಮೊದಲು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ. ಆರ್‌ಪಿಸಿಟ್ರೇಸ್ ತಾನೇ ಕೆಲವೊಮ್ಮೆ ಸಿಕ್ಕಿಬೀಳುತ್ತದೆ. ಅದಿಲ್ಲದೆ ಚೆನ್ನಾಗಿ ಓಡುವ ಪ್ರೋಗ್ರಾಂ ಅದರಡಿಯಲ್ಲಿ ಮಾತ್ರ ನಿಂತರೆ ಆ ಸಾಕ್ಷಿಯನ್ನು ನಂಬಬೇಡಿ.

ಇಡೀ ಸಿಸ್ಟಮ್ ನಿಂತಿದ್ದರೆ ಮೊದಲ ಅನುಮಾನ ಮೆಮೊರಿ. ಇಲ್ಲಿ ಮೈಕ್ರೋಕರ್ನಲ್‌ನ ನಿಜವಾದ ಕಷ್ಟ ಕಾಣುತ್ತದೆ. ಮೆಮೊರಿ ಸಾಲದಾದಾಗ ಕರ್ನಲ್ ಬದಲಾದ ಪುಟಗಳನ್ನು ಡಿಸ್ಕ್‌ಗೆ ಕಳಿಸಬೇಕು. ಡಿಸ್ಕ್‌ನ ಫೈಲ್‌ಗಳನ್ನು ನೋಡಿಕೊಳ್ಳುವುದು ಎಕ್ಸ್ಟ್2ಎಫ್ಎಸ್. ಅದೊಂದು ಮಾಮೂಲಿ ಪ್ರೊಸೆಸ್, ಬರೆಯಲು ಅದಕ್ಕೂ ಮೆಮೊರಿ ಬೇಕು. ಮೆಮೊರಿ ಬಿಡಿಸಲು ಮೆಮೊರಿ ಬೇಕು! ಮೆಮೊರಿ ತುಂಬುವ ಮುಂಚೆ, ಮೆಮೊರಿಯ ಲೆಕ್ಕ ತೋರಿಸುವ ವಿಎಂಸ್ಟ್ಯಾಟ್ ಅನ್ನು ಆಗಾಗ ಓಡಿಸಿ ಅದರ ಔಟ್‌ಪುಟ್ ಹೊರಗೆ ಬರೆಸಿಕೊಳ್ಳಿ, ಜೊತೆಗೆ ಪಿಎಸ್‌ನಲ್ಲಿ ಎಕ್ಸ್ಟ್2ಎಫ್ಎಸ್‌ನ ಥ್ರೆಡ್ ಎಣಿಕೆ. ಎಣಿಕೆ ಏರುತ್ತಲೇ ಹೋಗಿ ಇಳಿಯದಿದ್ದರೆ ಕೋರಿಕೆಗಳು ಒಳಗೆ ಬಂದು ಕಾಯುತ್ತಿವೆ, ಮುಗಿಯುತ್ತಿಲ್ಲ. ಸ್ವಾಪ್ ಇದೆಯಾ ನೋಡಿ. ಸ್ವಾಪ್ ಇಲ್ಲದಿದ್ದರೆ ಪ್ರೋಗ್ರಾಂಗಳ ಸ್ವಂತ ಮೆಮೊರಿಯನ್ನು ಹೊರಗೆ ಹಾಕಲು ಜಾಗವೇ ಇರುವುದಿಲ್ಲ. ದೊಡ್ಡ ಕಂಪೈಲ್ ಕೆಲಸಕ್ಕೆ ಕೂರುವ ಮುಂಚೆ ವರ್ಚುವಲ್ ಮೆಷಿನ್‌ಗೆ ಮೆಮೊರಿ ಹೆಚ್ಚಿಸಿ ನೋಡಿ. ಆಗ ನಿಲ್ಲದಿದ್ದರೆ ದಿಕ್ಕು ಸಿಕ್ಕಿತು.

ರೂಟ್ ಫೈಲ್ ಸಿಸ್ಟಮ್‌ನ ಸರ್ವರ್ ಸಿಕ್ಕಿಬಿದ್ದಿದೆ ಅನಿಸಿದರೆ ಅದಕ್ಕೆ ಜಿಡಿಬಿ ಹಾಕಲು ಹೋಗಬೇಡಿ. ಅಟ್ಯಾಚ್ ಆದ ಕ್ಷಣ ಸರ್ವರ್ ನಿಲ್ಲುತ್ತದೆ. ಜಿಡಿಬಿ ಸಿಂಬಲ್ ಓದಲು ಫೈಲ್ ತೆರೆಯುತ್ತದೆ. ಆ ಫೈಲ್ ಕೊಡಬೇಕಾದ್ದು ಈಗ ತಾನೇ ನಿಲ್ಲಿಸಿದ ಸರ್ವರ್. ಇಬ್ಬರೂ ಅಲ್ಲೇ ಸಿಕ್ಕಿಬೀಳುತ್ತಾರೆ. ಇದಕ್ಕೆ ಸಬ್‌ಹರ್ಡ್ ಬಳಸಿ. ಬೂಟ್ ಎಂಬ ಕಮಾಂಡ್‌ನಿಂದ ಓಡುತ್ತಿರುವ ಹರ್ಡ್ ಒಳಗೆ ಇನ್ನೊಂದು ಹರ್ಡ್ ಎಬ್ಬಿಸಬಹುದು, ಬೇರೆ ಡಿಸ್ಕ್ ಇಮೇಜ್ ಕೊಟ್ಟು. ಒಳಗಿನ ಹರ್ಡ್‌ನ ರೂಟ್ ಸರ್ವರ್ ಹೊರಗಿನದಕ್ಕೆ ಬರೀ ಒಂದು ಪ್ರೊಸೆಸ್. ಹೊರಗಿನಿಂದ ಜಿಡಿಬಿ ಹಾಕಿ ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಿಟ್ಟು ನೋಡಬಹುದು. ಹೀಗೆ ಮೊದಲ ಸಲ ಒಂದು ರೂಟ್ ಸರ್ವರ್‌ನ ಥ್ರೆಡ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಒಂದು ಥ್ರೆಡ್ ಜಿಸಿಂಕ್ ವೇಟ್‌ನಲ್ಲಿ ನಿಂತಿತ್ತು, ಅಂದರೆ ಒಂದು ಲಾಕ್‌ಗೆ ಕಾಯುತ್ತಿತ್ತು. ಆ ಲಾಕ್ ಹಿಡಿದ ಇನ್ನೊಂದು ಥ್ರೆಡ್ ಎರಡು ಸಾಲು ಕೆಳಗೇ ಇತ್ತು, ಬೇರೊಂದು ಲಾಕ್‌ಗೆ ಕಾಯುತ್ತಾ.

ಕರ್ನಲ್ಲೇ ಬಿದ್ದರೆ, ಡಿಬಗ್ಗರ್ ಸೇರಿಸಿ ಕಂಪೈಲ್ ಮಾಡಿದ ಗ್ನೂ ಮಾಕ್ ಆದರೆ, ಡಿಬಿ ಎಂಬ ಪ್ರಾಂಪ್ಟ್ ಬರುತ್ತದೆ. ಸಿಸ್ಟಮ್ ನಿಂತಾಗ ನೀವಾಗಿಯೇ ಕಂಟ್ರೋಲ್-ಆಲ್ಟ್-ಡಿ ಒತ್ತಿಯೂ ಇದರೊಳಗೆ ಹೋಗಬಹುದು. ಮೊದಲು ಟ್ರೇಸ್ ಕೊಡಿ. ಆಮೇಲೆ ಶೋ ಆಲ್ ಟಾಸ್ಕ್ಸ್, ಶೋ ಆಲ್ ಥ್ರೆಡ್ಸ್. ಎಲ್ಲ ಸೀರಿಯಲ್ ಲಾಗ್‌ನಲ್ಲಿ ಉಳಿಯುತ್ತದೆ. ಟ್ರೇಸ್‌ನಲ್ಲಿ ಬರೀ ವಿಳಾಸಗಳು ಸಿಕ್ಕರೆ ಅವನ್ನು ಅದೇ ಕರ್ನಲ್ ಫೈಲ್ ಜೊತೆ ಆ್ಯಡ್ರ್2ಲೈನ್‌ಗೆ ಕೊಡಿ, ಸೋರ್ಸ್‌ನ ಸಾಲು ಸಿಗುತ್ತದೆ. ಅದೇ ಕರ್ನಲ್ ಫೈಲ್ ಅಂದದ್ದನ್ನು ಗಮನಿಸಿ. ಪ್ಯಾನಿಕ್ ಆದ ಮೇಲೆ ಅಪ್‌ಗ್ರೇಡ್ ಮಾಡಿಬಿಟ್ಟರೆ ಆ ವಿಳಾಸಗಳಿಗೆ ಅರ್ಥ ಉಳಿಯುವುದಿಲ್ಲ. ಆದ್ದರಿಂದ ಲಾಗ್ ಎತ್ತಿಡುವಾಗಲೇ ಆ ಕರ್ನಲ್ ಫೈಲ್‌ನ ಒಂದು ಪ್ರತಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.